ಏಳು ತಿಂಗಳ ಮಗು, ಭಾಲ್ಕಿಯ ಚಳಿ, ಹೊರಸಿನ ಕೆಳಗೆ ಅಗ್ಗಿಷ್ಟಿಕೆ: ನಿಮ್ಮ ಮನೆಯಲ್ಲಿ ಏನು ಮಾಡುತ್ತೀರಿ?

ಭಾಲ್ಕಿ ಸೊಸೆ, ರಾತ್ರಿ 9:40

ಎಲ್ಲರಿಗೂ ನಮಸ್ಕಾರ. ನನ್ನ ತವರು ಕಲಬುರಗಿ, ಕೊಟ್ಟ ಮನೆ ಭಾಲ್ಕಿ ತಾಲ್ಲೂಕಿನ ಹಳ್ಳಿ. ನಾಲ್ಕು ವರ್ಷದ ಮಗಳು, ಏಳು ತಿಂಗಳ ಮಗ. ಈ ದಸರೆಯವರೆಗೆ ಯಜಮಾನರ ಕೆಲಸದ ಕಾರಣ ಕಲಬುರಗಿಯಲ್ಲೇ ಇದ್ದೆವು. ಮಕ್ಕಳನ್ನು ಕಟ್ಟಿಕೊಂಡು ಈ ಸೀಮೆಯ ಚಳಿ ಕಾಣುತ್ತಿರುವುದು ಇದೇ ಮೊದಲು. ಮಧ್ಯಾಹ್ನ ಸೆರಗಿನಿಂದ ಬೆವರು ಒರೆಸಿಕೊಳ್ಳುವಷ್ಟು ಬಿಸಿಲು, ಬೆಳಗಿನ ಜಾವ ಮೂರಕ್ಕೆ ನೆಲಕ್ಕೆ ಕಾಲಿಟ್ಟರೆ ಪಾದ ಸೆಟೆದುಕೊಳ್ಳುತ್ತದೆ.

ನನ್ನ ಚಿಂತೆ ಇದು. ಅತ್ತೆಯವರು ರಾತ್ರಿ ಕೋಣೆಯ ಬಾಗಿಲು ಹಾಕಿ, ಕಿಟಕಿಯ ಸಂದಿಗೆ ಹಳೆಯ ಬಟ್ಟೆ ತುರುಕಿ, ನಾನೂ ಮಗುವೂ ಮಲಗುವ ಹೊರಸಿನ ಕೆಳಗೆ ಕೆಂಡ ತುಂಬಿದ ಅಗ್ಗಿಷ್ಟಿಕೆ ಇಡುತ್ತಾರೆ. ಅದಕ್ಕೆ ಲೋಬಾನ ಉದುರಿಸುತ್ತಾರೆ. ಮಗುವಿಗೆ ಎರಡು ಅಂಗಿ, ಸ್ವೆಟರ್, ತಲೆಗೆ ಕುಲಾಯಿ, ಅದರ ಮೇಲೆ ಕುಂಚಿಗೆ, ಎಲ್ಲದರ ಮೇಲೆ ಕೌದಿ. ನಾಲ್ಕು ದಿನಗಳಿಂದ ಏಳುವಾಗ ನನಗೆ ತಲೆ ಕಲ್ಲಿನಂತೆ ಭಾರವಾಗಿರುತ್ತದೆ. ಮಗು ಮೊದಲಿಗಿಂತ ಹೆಚ್ಚು ನಿದ್ದೆ ಮಾಡುತ್ತಿದೆ ಎಂದು ಮನೆಯವರಿಗೆಲ್ಲ ಸಮಾಧಾನ, ನನಗೆ ಮಾತ್ರ ಭಯ.

ಅತ್ತೆಯವರು ಒಳ್ಳೆಯವರು. ನನ್ನ ಎರಡನೆಯ ಬಾಣಂತನಕ್ಕೆ ಕಲಬುರಗಿಗೇ ಬಂದು, ಮೂರು ತಿಂಗಳು ನನ್ನ ಬಟ್ಟೆಯನ್ನೂ ಒಗೆದುಕೊಟ್ಟವರು. ಅವರ ಎದುರು ನಿಂತು ವಾದ ಮಾಡುವ ಮನಸ್ಸಿಲ್ಲ. ನಿಮ್ಮ ಮನೆಗಳಲ್ಲಿ ಏನು ಮಾಡುತ್ತೀರಿ, ಹೇಳಿ.

ಅಪ್ಪನ ಕೆರೆ ದಂಡೆ, ರಾತ್ರಿ 9:52

ತಂಗೀ, ಆ ಅಗ್ಗಿಷ್ಟಿಕೆಯನ್ನು ಈಗಲೇ ಕೋಣೆಯಿಂದ ಹೊರಗೆ ಇಡು. ಉಳಿದ ಮಾತು ನಾಳೆ ಆಡೋಣ.

ಆಳಂದ ರಸ್ತೆ, ರಾತ್ರಿ 10:05

ಇಷ್ಟು ಗಾಬರಿ ಏಕೆ? ನಾವೆಲ್ಲ ಅದೇ ಕೆಂಡದ ಕಾವಿನಲ್ಲಿ ಬೆಳೆದವರು. ನಮ್ಮ ಅವ್ವ ಆರು ಜನರನ್ನು ಹೆತ್ತಳು, ಒಬ್ಬರಿಗೂ ಏನೂ ಆಗಲಿಲ್ಲ. ನಾಳೆ ಚಳಿ ಹತ್ತಿ ಮಗುವಿನ ಎದೆ ಕಟ್ಟಿದರೆ ಯಾರು ಹೊಣೆ? ಹಿರಿಯರು ಮಾಡಿದ್ದೆಲ್ಲ ತಪ್ಪು ಎನ್ನುವ ಈಗಿನವರ ರೂಢಿ ನನಗೆ ಸರಿ ಕಾಣುವುದಿಲ್ಲ.

ಯಾದಗಿರಿ ನರ್ಸ್, ರಾತ್ರಿ 10:21

ಅಣ್ಣಾ, ಹಿರಿಯರು ಮಾಡಿದ್ದೆಲ್ಲ ತಪ್ಪು ಎಂದು ಇಲ್ಲಿ ಯಾರೂ ಹೇಳಿಲ್ಲ. ಕೆಂಡ ಮತ್ತು ಮುಚ್ಚಿದ ಕೋಣೆ, ಈ ಎರಡು ಕೂಡಬಾರದು, ಅಷ್ಟೇ.

ಹೊಗೆ ಕಾಣದಿದ್ದರೆ ಅಪಾಯ ಹೋಯಿತು ಎಂದು ಬಹಳ ಜನ ನಂಬಿದ್ದಾರೆ. ಹೊಗೆ ಆಡದ ಕೆಂಪು ಕೆಂಡದಿಂದಲೂ ಕಾರ್ಬನ್ ಮೊನಾಕ್ಸೈಡ್ ಬರುತ್ತಲೇ ಇರುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ನಮ್ಮ ರಕ್ತದ ಹಿಮೋಗ್ಲೋಬಿನ್ ಆಮ್ಲಜನಕವನ್ನು ಹಿಡಿಯುವುದಕ್ಕಿಂತ ಇನ್ನೂರು ಪಟ್ಟಿಗೂ ಹೆಚ್ಚು ಬಲವಾಗಿ ಈ ಅನಿಲವನ್ನು ಹಿಡಿದುಕೊಳ್ಳುತ್ತದೆ. ಕೂಸು ನಮಗಿಂತ ಬೇಗ ಬೇಗ ಉಸಿರಾಡುತ್ತದೆ, ವಿಷವೂ ಅಷ್ಟೇ ಬೇಗ ಏರುತ್ತದೆ. ತಾಯಿಗೆ ತಲೆ ಭಾರ, ಮಗುವಿಗೆ ಅತಿ ನಿದ್ದೆ ಎಂದು ನೀವೇ ಬರೆದಿದ್ದೀರಿ. ಆ ನಿದ್ದೆಯನ್ನು ನಾನು ಒಳ್ಳೆಯ ನಿದ್ದೆ ಎಂದು ಎಣಿಸುವುದಿಲ್ಲ. ಈಗ ಕಿಟಕಿ ತೆರೆಯಿರಿ. ಎಬ್ಬಿಸಿದರೂ ಮಗು ಸರಿಯಾಗಿ ಕಣ್ಣು ಬಿಡದಿದ್ದರೆ, ಹಾಲು ಎಳೆಯದಿದ್ದರೆ, ವಾಂತಿಯಾದರೆ ಈ ರಾತ್ರಿಯೇ ಆಸ್ಪತ್ರೆಗೆ ಹೊರಡಿ. ಹುಷಾರಾಗಿದ್ದರೂ ನಾಳೆ ಇಬ್ಬರೂ ಒಮ್ಮೆ ವೈದ್ಯರಿಗೆ ತೋರಿಸಿಕೊಳ್ಳಿ.

ಬಿದ್ರಿ ಕುಸುರಿ, ರಾತ್ರಿ 10:40

ನರ್ಸಕ್ಕನ ಮಾತು ಸತ್ಯ. ನಮ್ಮದು ಬೀದರಿನಲ್ಲಿ ಬಿದ್ರಿ ಕೆಲಸದ ಮನೆ. ಸತು, ತಾಮ್ರ ಕರಗಿಸಿ ಅಚ್ಚಿಗೆ ಹೊಯ್ಯುವ ದಿನ ಕುಲುಮೆ ಹೊತ್ತುತ್ತದೆ. ನಾನು ಚಿಕ್ಕವನಿದ್ದಾಗ ಬೆಳ್ಳಿ ತಂತಿ ಕೂರಿಸಲು ಕಲಿಯುವ ಮೊದಲೇ ಅಬ್ಬಾ ಕಲಿಸಿದ್ದು ಬಾಗಿಲು ತೆರೆದಿಡುವುದನ್ನು. ಒಮ್ಮೆ ಜನವರಿಯಲ್ಲಿ ಚಳಿ ತಡೆಯಲಾರದೆ ಅಣ್ಣ ಬಾಗಿಲು ಎಳೆದುಕೊಂಡು ಕುಳಿತ. ಅರ್ಧ ಗಂಟೆಯಲ್ಲಿ ಗೋಡೆಗೆ ಒರಗಿದ್ದ, ಕರೆದರೆ ಉತ್ತರವಿಲ್ಲ. ಹೊರಗೆ ಎಳೆದು ಹಾಕಿದ ಮೇಲೆ ವಾಂತಿ ಮಾಡಿಕೊಂಡು ಎಚ್ಚರವಾದ. ಅವನಿಗೆ ಆಗ ಇಪ್ಪತ್ತು ವರ್ಷ, ಗಟ್ಟಿ ಆಳು. ಏಳು ತಿಂಗಳ ಕೂಸಿನ ಗತಿ ಏನು?

ಲೋಬಾನ ನಮ್ಮ ಮನೆಯಲ್ಲೂ ಇದೆ. ಸಂಜೆ ಅಮ್ಮಿ ಅಂಗಳದಲ್ಲಿ ಹಾಕುತ್ತಾರೆ, ಮಗುವಿನ ಬಟ್ಟೆಗೆ ಹಿಡಿಯುತ್ತಾರೆ, ಮಗುವಿನ ಮುಖಕ್ಕೆ ಹಿಡಿಯುವುದಿಲ್ಲ.

ಆಳಂದ ರಸ್ತೆ, ರಾತ್ರಿ 10:48

ಕುಲುಮೆ ಬೇರೆ, ಅಗ್ಗಿಷ್ಟಿಕೆ ಬೇರೆ. ಒಂದು ಬೊಗಸೆ ಕೆಂಡಕ್ಕೆ ಇಷ್ಟೊಂದು ಮಾತು ಬೇಕಾಗಿಲ್ಲ.

ಔರಾದ ಮುತ್ಯಾ, ಬೆಳಿಗ್ಗೆ 6:15

ನನಗೆ ಎಪ್ಪತ್ತೆರಡು ವರ್ಷ. ಮೊಮ್ಮಗಳು ಇದನ್ನೆಲ್ಲ ಓದಿ ಹೇಳಿದಳು, ನಾನು ಹೇಳಿದ್ದನ್ನು ಅವಳೇ ಬರೆಯುತ್ತಿದ್ದಾಳೆ.

ಆಳಂದದ ತಮ್ಮಾ, ನೀನು ಹೇಳುವ ಕೆಂಡದ ಕಾವು ನಾನೂ ಕಂಡದ್ದೇ. ಆದರೆ ಆ ಮನೆ ಹೇಗಿತ್ತು ಎಂಬುದನ್ನು ನೆನಪು ಮಾಡಿಕೋ. ಮಣ್ಣಿನ ಮಾಳಿಗೆ, ಎರಡು ಮೊಳ ದಪ್ಪದ ಗೋಡೆ. ಹಗಲಿನ ಬಿಸಿಲನ್ನು ಗೋಡೆಯೇ ಕುಡಿದು ರಾತ್ರಿಗೆ ಬಿಟ್ಟುಕೊಡುತ್ತಿತ್ತು. ಮಾಳಿಗೆಯಲ್ಲಿ ಬೆಳಕಿಂಡಿ, ಮಳೆ ಬಂದರೆ ಮಾತ್ರ ಅದಕ್ಕೆ ಕಲ್ಲು ಮುಚ್ಚುತ್ತಿದ್ದೆವು. ಬಾಗಿಲಿನ ಹಲಗೆಗಳ ನಡುವೆ ಬೆರಳು ತೂರುವ ಸಂದಿ. ಬಾಣಂತಿಯ ಹೊರಸಿನ ಕೆಳಗೆ ಕೆಂಡ ಇಟ್ಟರೂ ಅದರ ಗಾಳಿ ಮೇಲಕ್ಕೇರಿ ಬೆಳಕಿಂಡಿಯಿಂದ ಹೊರಟು ಹೋಗುತ್ತಿತ್ತು. ಈಗ ಆ ಮಗಳು ಮಲಗುವುದು ಸ್ಲ್ಯಾಬಿನ ಕೆಳಗೆ. ಗಾಜಿನ ಕಿಟಕಿ, ಕಬ್ಬಿಣದ ಚೌಕಟ್ಟು, ಸಂದಿಗೆ ಬಟ್ಟೆ. ಮನೆ ಬದಲಾಯಿತು, ಅಗ್ಗಿಷ್ಟಿಕೆ ಬದಲಾಗಲಿಲ್ಲ.

‘ಏನೂ ಆಗಲಿಲ್ಲ’ ಎಂಬ ಮಾತನ್ನೂ ನಾನು ಒಪ್ಪುವುದಿಲ್ಲ. ನಮ್ಮ ಅವ್ವ ಹೆತ್ತದ್ದು ಒಂಬತ್ತು, ಉಳಿದದ್ದು ಐದು. ಆ ನಾಲ್ವರಲ್ಲಿ ಇಬ್ಬರು ಹೋದದ್ದು ಇಂಥದೇ ಚಳಿಯಲ್ಲಿ. ಏಕೆ ಹೋದರು ಎಂದು ಆಗ ಯಾರೂ ಕೇಳಲಿಲ್ಲ. ದೇವರು ಕೊಟ್ಟ, ದೇವರು ಒಯ್ದ ಎಂದು ಮಣ್ಣು ಮಾಡಿ ಬಂದರು. ಅವ್ವ ಮಾತ್ರ ಪ್ರತಿ ಎಳ್ಳ ಅಮಾವಾಸ್ಯೆಗೆ ಹೊಲದ ಆ ಮೂಲೆಗೆ ಹೋಗಿ ಎರಡು ಕಡುಬು ಇಟ್ಟು ಬರುತ್ತಿದ್ದಳು.

ಅಪ್ಪನ ಕೆರೆ ದಂಡೆ, ಬೆಳಿಗ್ಗೆ 6:50

ಮುತ್ಯಾ, ನಿಮಗೆ ಶರಣು. ಆಫೀಸಿಗೆ ಹೊರಡಬೇಕಾದವಳು ಇದನ್ನು ಓದಿ ಸುಮ್ಮನೆ ಕುಳಿತುಬಿಟ್ಟೆ.

ಆಳಂದ ರಸ್ತೆ, ಬೆಳಿಗ್ಗೆ 7:20

ಮುತ್ಯಾ, ಬೆಳಕಿಂಡಿಯ ಮಾತು ನನಗೆ ಹೊಳೆದಿರಲಿಲ್ಲ. ನಾವು ಬೆಳೆದದ್ದೂ ಅಂಥ ಮನೆಯಲ್ಲೇ. ಒಪ್ಪಿದೆ. ಹಾಗಾದರೆ ಚಳಿಗೆ ಏನು ಮಾಡಬೇಕು, ಅದನ್ನೂ ಹೇಳಿ. ಕೆಂಡ ತೆಗೆ ಎನ್ನುವುದು ಸುಲಭ. ನನ್ನ ಮಗನಿಗೂ ಒಂದು ವರ್ಷ ಎರಡು ತಿಂಗಳು, ರಾತ್ರಿ ಹೊದಿಕೆ ಒದೆಯುತ್ತಾನೆ.

ಭಾಲ್ಕಿ ಸೊಸೆ, ಬೆಳಿಗ್ಗೆ 7:45

ರಾತ್ರಿಯೇ ಅಗ್ಗಿಷ್ಟಿಕೆ ಹೊರಗೆ ಹೋಯಿತು. ‘ಹೊಗೆಯಿಂದ ನನಗೆ ತಲೆ ನೋಯುತ್ತದೆ ಅತ್ತೆ’ ಎಂದಷ್ಟೇ ಹೇಳಿದೆ. ಅವರು ಮುಖ ಸಣ್ಣದು ಮಾಡಿಕೊಂಡರು, ಆದರೆ ತಡೆಯಲಿಲ್ಲ. ಮಗು ರಾತ್ರಿ ಎರಡು ಸಲ ಎದ್ದು ಹಾಲು ಕುಡಿಯಿತು. ಅದು ಅತ್ತದ್ದು ಕೇಳಿ ನನಗೆ ಎಷ್ಟು ಸಂತೋಷವಾಯಿತು ಎಂದು ಹೇಗೆ ಹೇಳಲಿ. ಹತ್ತು ಗಂಟೆಗೆ ಇಬ್ಬರೂ ಆಸ್ಪತ್ರೆಗೆ ಹೋಗಿ ಬರುತ್ತೇವೆ.

ಅಪ್ಪನ ಕೆರೆ ದಂಡೆ, ಬೆಳಿಗ್ಗೆ 8:30

ನಮ್ಮದು ಅವಳಿ, ಈಗ ಮೂರು ವರ್ಷ. ನಾನು ಮಾಡಿದ್ದನ್ನು ಹೇಳುತ್ತೇನೆ. ಸಂಜೆ ಐದರೊಳಗೆ ಪಶ್ಚಿಮದ ಕಿಟಕಿ ಮುಚ್ಚುತ್ತೇನೆ, ಹಗಲಿನ ಬಿಸಿ ಒಳಗೇ ಉಳಿಯುತ್ತದೆ. ಮೇಲೆ ಒಂದು ಗವಾಕ್ಷಿ ಮಾತ್ರ ಸದಾ ತೆರೆದಿರುತ್ತದೆ. ಕೌದಿಯನ್ನು ಮಧ್ಯಾಹ್ನ ಬಿಸಿಲಿಗೆ ಹಾಕಿ, ನಾಲ್ಕಕ್ಕೆ ಮಡಚಿ ಇಟ್ಟರೆ ರಾತ್ರಿ ಹೊದ್ದಾಗ ಇನ್ನೂ ಬೆಚ್ಚಗಿರುತ್ತದೆ. ನೆಲದ ಮೇಲೆ ಮಲಗಿಸುವವರು ಮೊದಲು ಗೋಣಿಚೀಲ, ಅದರ ಮೇಲೆ ಚಾಪೆ, ಅದರ ಮೇಲೆ ಕೌದಿ ಹಾಸಿ. ಷಹಾಬಾದ್ ಕಲ್ಲಿನ ನೆಲ ರಾತ್ರಿಯಿಡೀ ಮೈ ಶಾಖವನ್ನು ಎಳೆಯುತ್ತದೆ. ನಮ್ಮ ಕಡೆ ಎಲ್ಲರ ಮನೆಯಲ್ಲೂ ಅದೇ ಕಲ್ಲು. ಹೊದಿಕೆ ಒದೆಯುವ ಮಗುವಿಗೆ ಕಾಲು ಮುಚ್ಚುವ ಪೈಜಾಮ, ಕಾಲುಚೀಲ ಹಾಕಿ, ಹೊದಿಕೆಯ ಹಿಂದೆ ಬೀಳಬೇಡಿ.

ಯಾದಗಿರಿ ನರ್ಸ್, ಬೆಳಿಗ್ಗೆ 9:10

ಮೇಲಿನದೆಲ್ಲ ಸರಿ. ಒಂದು ಮಾತು ಸೇರಿಸುತ್ತೇನೆ. ಮಗುವಿನ ಕೈಕಾಲು ತಣ್ಣಗಿವೆ ಎಂದು ಇನ್ನೊಂದು ಸ್ವೆಟರ್ ಏರಿಸಬೇಡಿ. ಎದೆಯ ಮೇಲೆ ಅಥವಾ ಕತ್ತಿನ ಹಿಂದೆ ಅಂಗೈ ಇಡಿ. ಅಲ್ಲಿ ಬೆಚ್ಚಗಿದ್ದರೆ ಸಾಕು. ಬೆವರಿದ್ದರೆ ಬಟ್ಟೆ ಹೆಚ್ಚಾಗಿದೆ, ಒಂದು ತೆಗೆಯಿರಿ. ನಿಮಗಿಂತ ಒಂದು ಪದರ ಹೆಚ್ಚು, ಅಷ್ಟೇ ಲೆಕ್ಕ. ತಿಂಗಳು ತುಂಬಿ ಹುಟ್ಟಿದ ಆರೋಗ್ಯವಂತ ಮಗುವಿಗೆ ಮನೆಯೊಳಗೆ ಮಲಗುವಾಗ ಕುಲಾಯಿ ಬೇಡ. ಕೂಸಿನ ಮೈಬಿಸಿ ಹೆಚ್ಚಾದರೆ ಹೊರಗೆ ಹೋಗಬೇಕಾದದ್ದು ಬಹುಪಾಲು ತಲೆಯಿಂದಲೇ. ಕೌದಿ ಮುಖಕ್ಕೆ ಬರದಂತೆ ನೋಡಿಕೊಳ್ಳಿ.

ತಿಂಗಳು ತುಂಬದ, ತೂಕ ಕಡಿಮೆ ಇರುವ ಕೂಸಿನ ವಿಷಯ ಬೇರೆ. ಅದಕ್ಕೆ ಕುಲಾಯಿ ಬೇಕು, ತಾಯಿಯ ಎದೆಗೆ ಎದೆ ಹಚ್ಚಿ ಇಟ್ಟುಕೊಳ್ಳಬೇಕು. ಅದಕ್ಕಿಂತ ಒಳ್ಳೆಯ ಅಗ್ಗಿಷ್ಟಿಕೆ ಇಲ್ಲ.

ಆಳಂದ ರಸ್ತೆ, ಬೆಳಿಗ್ಗೆ 9:25

ಕುಲಾಯಿ ಬೇಡ ಎಂಬುದನ್ನು ನಮ್ಮ ಮನೆಯಲ್ಲಿ ಹೇಳಿದರೆ ನನ್ನನ್ನೇ ಹೊರಗೆ ಹಾಕುತ್ತಾರೆ. ನೆತ್ತಿಗೆ ಗಾಳಿ ಬಡಿದರೆ ನೆಗಡಿ ಬರುವುದಿಲ್ಲವೇ?

ಯಾದಗಿರಿ ನರ್ಸ್, ಬೆಳಿಗ್ಗೆ 9:31

ನೆಗಡಿ ಬರುವುದು ವೈರಸ್‌ನಿಂದ. ಚಳಿಗೆ ಎಲ್ಲರೂ ಒಂದೇ ಕೋಣೆಯಲ್ಲಿ ಬಾಗಿಲು ಹಾಕಿ ಕುಳಿತಾಗ ಒಬ್ಬರ ಸೀನು ಇನ್ನೊಬ್ಬರ ಮೂಗಿಗೆ ಹೋಗುತ್ತದೆ. ಬೆಳಿಗ್ಗೆ ಹೊರಗೆ ಹೋಗುವಾಗ ಕುಲಾಯಿ ಹಾಕಿ, ನನ್ನ ಅಭ್ಯಂತರವಿಲ್ಲ. ಮಲಗುವಾಗ ತೆಗೆಯಿರಿ.

ಊರು ಬಿಟ್ಟವ, ಬೆಳಿಗ್ಗೆ 10:15

ಬೆಂಗಳೂರಿನಿಂದ ಬರೆಯುತ್ತಿದ್ದೇನೆ, ಊರು ಹುಮನಾಬಾದ್ ಹತ್ತಿರ. ಮುಂದಿನ ವಾರ ಎಳ್ಳ ಅಮಾವಾಸ್ಯೆಗೆ ಎರಡು ವರ್ಷದ ಮಗಳನ್ನು ಕರೆದುಕೊಂಡು ಬರಬೇಕೆಂದಿದ್ದೇನೆ. ‘ಬೀದರ್ ಚಳಿಗೆ ಮಗುವನ್ನು ಒಯ್ಯಬೇಡಿ’ ಎಂದು ಹೆಂಡತಿಯ ಹಟ. ಬೆಂಗಳೂರಿನಲ್ಲೂ ಚಳಿ ಇದೆಯಲ್ಲ ಎಂದರೆ ಅವಳು ಕೇಳುವುದಿಲ್ಲ.

ಚಿಂಚೋಳಿ ಮಾಸ್ತರ, ಬೆಳಿಗ್ಗೆ 10:40

ತಮ್ಮಾ, ನಿಮ್ಮ ಮನೆಯವರ ಮಾತಿನಲ್ಲೂ ಅರ್ಥವಿದೆ. ಬೀದರ್ ಇರುವುದು ಸಮುದ್ರಮಟ್ಟದಿಂದ 2,200 ಅಡಿಗೂ ಮೇಲಿನ ಬಯಲು ದಿಬ್ಬದ ಮೇಲೆ. ಕಲಬುರಗಿ ಅದಕ್ಕಿಂತ ಏಳುನೂರು ಅಡಿಯಷ್ಟು ಕೆಳಗಿದೆ. ಎತ್ತರದಲ್ಲಿ ಬೆಂಗಳೂರು ಇವೆರಡನ್ನೂ ಮೀರಿಸುತ್ತದೆ, ಆದರೆ ಇಲ್ಲಿ ಒಣ ಗಾಳಿ, ಮೋಡವಿಲ್ಲದ ಆಕಾಶ. ಹಗಲು ಕಾದ ನೆಲ ಸಂಜೆಯಾಗುತ್ತಲೇ ಶಾಖವನ್ನೆಲ್ಲ ಬಿಟ್ಟುಬಿಡುತ್ತದೆ. ಮಧ್ಯಾಹ್ನ 28 ಡಿಗ್ರಿ ಇದ್ದ ಕಡೆ ಬೆಳಗಿನ ಜಾವ 10ರ ಆಸುಪಾಸಿಗೆ ಇಳಿಯುತ್ತದೆ. ಮಕ್ಕಳನ್ನು ಕಾಡುವುದು ಈ ಏರಿಳಿತ. ಬೆಳಿಗ್ಗೆ ಹಾಕಿದ ಸ್ವೆಟರನ್ನು ಹನ್ನೊಂದಕ್ಕೆ ತೆಗೆಯಬೇಕು, ಸಂಜೆ ಮತ್ತೆ ಹಾಕಬೇಕು. ತೆಗೆಯುವುದನ್ನು ಮರೆತರೆ ಮಗು ಬೆವರಿ ಒದ್ದೆಯಾಗುತ್ತದೆ, ಆ ಒದ್ದೆ ಅಂಗಿಯಲ್ಲೇ ಸಂಜೆಯ ಗಾಳಿಗೆ ಸಿಕ್ಕುತ್ತದೆ.

ಆದರೂ ಕರೆದುಕೊಂಡು ಬನ್ನಿ. ರಾತ್ರಿ ಬಸ್ಸಿನಲ್ಲಿ ಬೇಡ, ಬೆಳಗಿನ ಜಾವ ಹೆದ್ದಾರಿಯಲ್ಲಿ ಮಗುವನ್ನು ಹೊತ್ತು ನಿಲ್ಲುವ ಕಷ್ಟ ಬೇಡ. ಹೊಲಕ್ಕೆ ಹನ್ನೊಂದರ ಮೇಲೆ ಹೋಗಿ, ನಾಲ್ಕಕ್ಕೆ ತಿರುಗಿ ಬನ್ನಿ. ಮಗು ತನ್ನ ಕಣ್ಣಿಂದ ಕಡಲೆ ಹೊಲ, ಜೋಳದ ತೆನೆ ನೋಡಲಿ.

ಊರು ಬಿಟ್ಟವ, ಬೆಳಿಗ್ಗೆ 10:52

ಮಾಸ್ತರೇ, ನನಗೆ ಬೇಕಾದದ್ದೂ ಅದೇ. ಎತ್ತಿನ ಬಂಡಿಯಲ್ಲಿ ಬುತ್ತಿ ಕಟ್ಟಿಕೊಂಡು ಹೋಗಿ, ಪಾಂಡವರ ಪೂಜೆ ಮಾಡಿ, ಚರಗ ಚೆಲ್ಲಿ, ಸಜ್ಜೆ ಕಡುಬು, ಭಜ್ಜಿ, ಅಂಬಲಿ ಉಂಡು ಬಂದವನು ನಾನು. ಮಗಳು ಭಜ್ಜಿ ಎಂದರೆ ಎಣ್ಣೆಯಲ್ಲಿ ಕರಿದ ಮೆಣಸಿನಕಾಯಿ ಎಂದುಕೊಂಡಿದ್ದಾಳೆ. ನಮ್ಮ ಭಜ್ಜಿಯಲ್ಲಿ ಎಷ್ಟು ಬಗೆಯ ಸೊಪ್ಪು, ಹಸಿ ಕಾಳು ಬೀಳುತ್ತವೆ ಎಂದು ಅವಳಿಗೆ ತೋರಿಸಬೇಕು.

ಹುಮನಾಬಾದ್ ಔಷಧ ಅಂಗಡಿ, ಬೆಳಿಗ್ಗೆ 11:30

ಮಾತು ಊಟಕ್ಕೆ ಹೋಗುವ ಮೊದಲು ನನ್ನದೊಂದು ಸಂಕಟ ಕೇಳಿ. ಡಿಸೆಂಬರ್ ಬಂತೆಂದರೆ ದಿನಕ್ಕೆ ಹತ್ತು ಜನ ‘ಕೂಸಿಗೆ ಕೆಮ್ಮಿನ ಔಷಧ ಕೊಡಿ, ರಾತ್ರಿ ಮಲಗಬೇಕು’ ಎಂದು ಬರುತ್ತಾರೆ. ಚೀಟಿ ಇರುವುದಿಲ್ಲ. ಕೊಡುವುದಿಲ್ಲ ಎಂದರೆ ಪಕ್ಕದ ಅಂಗಡಿಗೆ ಹೋಗುತ್ತಾರೆ.

ಕ್ಲೋರ್‌ಫೆನಿರಮೈನ್ ಮತ್ತು ಫಿನೈಲ್‌ಎಫ್ರಿನ್ ಕೂಡಿದ ನೆಗಡಿ ಔಷಧವನ್ನು ನಾಲ್ಕು ವರ್ಷದೊಳಗಿನ ಮಕ್ಕಳಿಗೆ ಕೊಡಬಾರದೆಂದು ಕೇಂದ್ರದ ಔಷಧ ನಿಯಂತ್ರಕರು 2023ರ ಡಿಸೆಂಬರ್‌ನಲ್ಲೇ ಹೇಳಿದ್ದಾರೆ. 2025ರಲ್ಲಿ ಮಧ್ಯಪ್ರದೇಶದ ಛಿಂದ್ವಾಡದಲ್ಲಿ ಕೆಮ್ಮಿನ ಸಿರಪ್ ಕುಡಿದ ಎಷ್ಟೋ ಮಕ್ಕಳು ಮೂತ್ರಪಿಂಡ ಕೆಟ್ಟು ಸತ್ತರು. ಅದರಲ್ಲಿ ಡೈಎಥಿಲೀನ್ ಗ್ಲೈಕಾಲ್ ಎಂಬ ವಿಷ ಬೆರೆತಿತ್ತು. ಆ ಅಕ್ಟೋಬರ್‌ನಲ್ಲೇ ಕೇಂದ್ರ ಆರೋಗ್ಯ ಇಲಾಖೆ ಎರಡು ವರ್ಷದೊಳಗಿನವರಿಗೆ ಕೆಮ್ಮು ನೆಗಡಿಯ ಔಷಧ ಬರೆಯಲೇಬಾರದು, ಐದು ವರ್ಷದೊಳಗೂ ಸಾಮಾನ್ಯವಾಗಿ ಬೇಡ ಎಂದು ತಿಳಿಸಿತು. ಅಂಗಡಿ ಇಟ್ಟವನು ನಾನೇ ಹೇಳುತ್ತಿದ್ದೇನೆ, ನನ್ನ ವ್ಯಾಪಾರ ಕಡಿಮೆಯಾದರೂ ಸರಿ. ಕರ್ಪೂರ ಇರುವ ಮುಲಾಮನ್ನೂ ಎರಡು ವರ್ಷದೊಳಗಿನ ಕೂಸಿನ ಎದೆಗೆ, ಮೂಗಿಗೆ ಹಚ್ಚಬೇಡಿ.

ಅಪ್ಪನ ಕೆರೆ ದಂಡೆ, ಬೆಳಿಗ್ಗೆ 11:44

ಹಾಗಾದರೆ ರಾತ್ರಿಯಿಡೀ ಕೆಮ್ಮುವ ಮಗುವಿಗೆ ಏನು ಕೊಡುವುದು ಅಣ್ಣಾ? ನಮ್ಮಲ್ಲಿ ಒಬ್ಬನಿಗೆ ಬಂದರೆ ಎರಡು ದಿನಕ್ಕೆ ಇನ್ನೊಬ್ಬನಿಗೆ. ತಿಂಗಳಿಡೀ ನಿದ್ದೆ ಇಲ್ಲ.

ಯಾದಗಿರಿ ನರ್ಸ್, ಮಧ್ಯಾಹ್ನ 12:20

ಚಿಕ್ಕ ಮಕ್ಕಳಿಗೆ ವರ್ಷಕ್ಕೆ ಆರೆಂಟು ಸಲ ನೆಗಡಿ ಬರುವುದು ಸಹಜ. ಕೆಮ್ಮು ಎರಡು ವಾರ ಎಳೆಯಬಹುದು. ಒಂದು ವರ್ಷ ದಾಟಿದ ಮಗುವಿಗೆ ಮಲಗುವ ಮೊದಲು ಅರ್ಧ ಚಮಚ ಜೇನುತುಪ್ಪ ಕೊಡಿ. ಒಂದು ವರ್ಷದೊಳಗೆ ಜೇನು ನೆಕ್ಕಿಸಲೇಬಾರದು. ಮೂಗು ಕಟ್ಟಿದ್ದರೆ ಉಪ್ಪುನೀರಿನ ಹನಿ, ಕೂಸಿಗೆ ಎದೆಹಾಲು, ದೊಡ್ಡವರಿಗೆ ಬೆಚ್ಚಗಿನ ಬೇಳೆಕಟ್ಟು. ಮೂಗಿಗೆ, ಕಿವಿಗೆ ಎಣ್ಣೆ ಬಿಡಬೇಡಿ, ಮೂಗಿನ ಎಣ್ಣೆ ಶ್ವಾಸಕೋಶಕ್ಕೆ ಇಳಿದರೆ ಅದೇ ಇನ್ನೊಂದು ರೋಗ.

ಕೆಮ್ಮಿಗಿಂತ ಉಸಿರನ್ನು ನೋಡಿ. ಮಗು ಅಳದೆ ಸುಮ್ಮನೆ ಮಲಗಿರುವಾಗ ಅಂಗಿ ಎತ್ತಿ, ಹೊಟ್ಟೆ ಎಷ್ಟು ಸಲ ಏರುತ್ತದೆ ಎಂದು ಪೂರ್ತಿ ಒಂದು ನಿಮಿಷ ಎಣಿಸಿ. ಎರಡು ತಿಂಗಳೊಳಗಿನ ಕೂಸಿಗೆ 60, ಎರಡು ತಿಂಗಳಿಂದ ಒಂದು ವರ್ಷದೊಳಗೆ 50, ಒಂದರಿಂದ ಐದು ವರ್ಷದವರೆಗೆ 40. ಅಷ್ಟು ಮುಟ್ಟಿದರೆ ಅಥವಾ ದಾಟಿದರೆ, ಉಸಿರೆಳೆಯುವಾಗ ಪಕ್ಕೆ ಒಳಗೆ ಹೋದರೆ, ತುಟಿ ನೀಲಿಯಾದರೆ ಬೆಳಗಾಗಲಿ ಎಂದು ಕಾಯಬೇಡಿ. ಯಾರೋ ಹೊಟ್ಟೆಗೆ ಬರೆ ಹಾಕುತ್ತಾರೆಂದು ಕೂಸನ್ನು ಒಯ್ಯುವವರು ಇನ್ನೂ ಇದ್ದಾರೆ. ಸುಟ್ಟ ಗಾಯ, ಒಳಗೆ ನ್ಯುಮೋನಿಯಾ, ಎರಡೂ ಸೇರಿ ಬಂದ ಕೂಸನ್ನು ನಾನು ಕೈಯಲ್ಲಿ ಹಿಡಿದಿದ್ದೇನೆ. ದಯವಿಟ್ಟು ಬೇಡ.

ಭಾಲ್ಕಿಯ ತಂಗಿ, ತಾಯಿ ಕಾರ್ಡ್ ತೆಗೆದು ನೋಡಿ. ನ್ಯುಮೋಕಾಕಲ್ ಲಸಿಕೆ 2021ರಿಂದ ಎಲ್ಲ ಕಡೆ ಸರ್ಕಾರಿ ಪಟ್ಟಿಯಲ್ಲಿದೆ, ಹಣ ಕೊಡಬೇಕಿಲ್ಲ. ಅದು ನ್ಯುಮೋನಿಯಾ ತಡೆಯುವ ಲಸಿಕೆ. ಒಂದೂವರೆ ತಿಂಗಳಿಗೆ, ಮೂರೂವರೆ ತಿಂಗಳಿಗೆ ಆಗಿರಬೇಕು. ಒಂಬತ್ತು ತಿಂಗಳಿನದನ್ನು ತಪ್ಪಿಸಬೇಡಿ.

ಹತ್ತಿ ಹೊಲ, ಮಧ್ಯಾಹ್ನ 2:05

ನಾನು ಶಹಾಪುರ ಕಡೆಯವಳು. ನೀವು ಕಿಟಕಿ, ಕೌದಿ ಎನ್ನುತ್ತಿದ್ದೀರಿ. ನಮಗೆ ಈಗ ಹತ್ತಿ ಬಿಡಿಸುವ ಕಾಲ. ಬೆಳಿಗ್ಗೆ ಏಳಕ್ಕೆ ಟಂಟಂ ಗಾಡಿ ಬರುತ್ತದೆ, ಹಿಂದೆ ಹದಿನೈದು ಹೆಂಗಸರು, ಗಾಳಿ ಮುಖಕ್ಕೇ ಹೊಡೆಯುತ್ತದೆ. ಒಂದೂವರೆ ವರ್ಷದ ಮಗಳನ್ನು ಸೆರಗಿನೊಳಗೆ ಅವುಚಿಕೊಂಡು ಹೋಗುತ್ತೇನೆ. ಕೂಲಿ ಕಿಲೋ ಲೆಕ್ಕ. ತಡವಾಗಿ ಹೋದರೆ ಹತ್ತಿ ಕಡಿಮೆ, ಹತ್ತಿ ಕಡಿಮೆಯಾದರೆ ಕೂಲಿ ಕಡಿಮೆ. ಮಗಳನ್ನು ಬೇವಿನ ಮರಕ್ಕೆ ಕಟ್ಟಿದ ಜೋಳಿಗೆಯಲ್ಲಿ ಮಲಗಿಸುತ್ತೇನೆ. ಕೆಲವರು ಬಿಡಿಸಿದ ಹತ್ತಿಯ ರಾಶಿಯಲ್ಲೇ ಮಲಗಿಸುತ್ತಾರೆ, ಬೆಚ್ಚಗಿರುತ್ತದೆ ಎಂದು. ನಮ್ಮಂಥವರು ಏನು ಮಾಡಬೇಕು?

ಯಾದಗಿರಿ ನರ್ಸ್, ಮಧ್ಯಾಹ್ನ 2:30

ಅಕ್ಕಾ, ಹತ್ತಿ ರಾಶಿಯಲ್ಲಿ ಮಾತ್ರ ಮಲಗಿಸಬೇಡಿ. ಹತ್ತಿಗೆ ಹೊಡೆದ ಕ್ರಿಮಿನಾಶಕ ಅದರಲ್ಲಿ ಉಳಿದಿರುತ್ತದೆ, ನುಣ್ಣನೆಯ ಎಳೆ ಮೂಗಿಗೆ ಹೋಗುತ್ತದೆ. ಜೋಳಿಗೆಯೇ ಒಳ್ಳೆಯದು. ಜೋಳಿಗೆಯ ತಳಕ್ಕೆ ಒಂದು ಕೌದಿ ತುಂಡು ಹಾಕಿ, ಕೆಳಗಿನ ಗಾಳಿ ತಡೆಯುತ್ತದೆ. ಹಾಲು ಕುಡಿಸುವ ಮೊದಲು ಕೈ ತೊಳೆದುಕೊಳ್ಳಿ. ನಿಮ್ಮ ಪಂಚಾಯಿತಿಯಲ್ಲಿ ಹಗಲು ಮಕ್ಕಳನ್ನು ನೋಡಿಕೊಳ್ಳುವ ಕೂಸಿನ ಮನೆ ಇದೆಯೇ ಕೇಳಿ. 2023ರ ರಾಜ್ಯ ಬಜೆಟ್‌ನಲ್ಲಿ 4,000 ಗ್ರಾಮ ಪಂಚಾಯಿತಿಗಳಿಗೆ ಘೋಷಿಸಿದ್ದರು, ಕೂಲಿಗೆ ಹೋಗುವ ತಾಯಂದಿರ ಮಕ್ಕಳಿಗಾಗಿಯೇ.

ಹತ್ತಿ ಹೊಲ, ಮಧ್ಯಾಹ್ನ 2:41

ಇದೆ ಅಕ್ಕಾ. ತೆರೆಯುವುದು ಹತ್ತಕ್ಕೆ. ನಮ್ಮ ಟಂಟಂ ಏಳಕ್ಕೆ.

ಚಿಂಚೋಳಿ ಮಾಸ್ತರ, ಸಂಜೆ 4:50

ಆ ಮೂರು ಗಂಟೆಯ ಮಾತು ನನ್ನನ್ನು ಬಿಡುತ್ತಿಲ್ಲ. ಹತ್ತಿ, ತೊಗರಿಯ ಸುಗ್ಗಿ ಇರುವ ಡಿಸೆಂಬರ್, ಜನವರಿಯಲ್ಲಾದರೂ ಕೂಸಿನ ಮನೆಗಳನ್ನು ಏಳಕ್ಕೆ ತೆರೆಯಿರಿ ಎಂದು ಗ್ರಾಮಸಭೆಯಲ್ಲಿ ಕೇಳಬೇಕು. ಹೆಂಗಸರು ಹತ್ತು ಜನ ಸೇರಿ ಒಂದು ಅರ್ಜಿ ಬರೆದರೆ ಅದು ನಡಾವಳಿ ಪುಸ್ತಕಕ್ಕೆ ಏರುತ್ತದೆ. ಅರ್ಜಿ ನಾನು ಬರೆದುಕೊಡುತ್ತೇನೆ ತಾಯೀ.

ನಗರದ ಮಕ್ಕಳ ಸ್ಥಿತಿಯೂ ಅಷ್ಟೇನೂ ಸುಖವಿಲ್ಲ. ಏಳೂವರೆಗೆ ಬಾಗಿಲಿಲ್ಲದ ಆಟೋದಲ್ಲಿ ಎಂಟು ಮಕ್ಕಳು, ಅಂಚಿನಲ್ಲಿ ಕುಳಿತವನ ಮೊಣಕಾಲು ನೀಲಿ. ಸಮವಸ್ತ್ರದ ಬಣ್ಣದ ಸ್ವೆಟರ್ ಇಲ್ಲವೆಂದು ಒಂದು ಶಾಲೆಯಲ್ಲಿ ಮಗುವಿನ ಮೈಮೇಲಿನ ಬೇರೆ ಬಣ್ಣದ ಸ್ವೆಟರ್ ತೆಗೆಸಿದ್ದನ್ನು ಕಣ್ಣಾರೆ ಕಂಡೆ. ಆ ಹೊತ್ತು ನನಗೆ ಬಂದ ಸಿಟ್ಟು ಇನ್ನೂ ಇಳಿದಿಲ್ಲ. ಚಳಿಗೆ ಬಣ್ಣ ಯಾವುದು?

ಆಳಂದ ರಸ್ತೆ, ಸಂಜೆ 5:15

ಮಾಸ್ತರೇ, ಇದರಲ್ಲಿ ನಾನು ಪೂರ್ತಿ ನಿಮ್ಮ ಜೊತೆ. ಆಟೋಗೆ ಎರಡೂ ಬದಿ ತಾಡಪತ್ರಿ ಕಟ್ಟಿಸಲು ನಮ್ಮ ಓಣಿಯ ಪಾಲಕರು ಹಣ ಸೇರಿಸಿದೆವು. ಚಾಲಕನೂ ಸಂತೋಷದಿಂದ ಒಪ್ಪಿದ.

ಬಿದ್ರಿ ಕುಸುರಿ, ಸಂಜೆ 6:00

ಸ್ನಾನದ ನೀರಿನ ವಿಷಯ ಯಾರೂ ಎತ್ತಲಿಲ್ಲ. ಬಕೆಟ್‌ಗೆ ನೀರು ಕಾಯಿಸುವ ಕರೆಂಟಿನ ಕಾಯಿಲ್ ಹಾಕಿ ಮಕ್ಕಳಿರುವ ಕಡೆ ಬಿಟ್ಟು ಹೋಗಬೇಡಿ. ನಮ್ಮ ತಂಗಿಯ ಮಗ ಕುದಿಯುವ ಬಕೆಟ್‌ಗೆ ಕೈ ಹಾಕಿದ. ಮನೆಯವರು ಹಲ್ಲುಜ್ಜುವ ಪೇಸ್ಟ್ ಮೆತ್ತಿದರು, ವೈದ್ಯರು ಅದನ್ನು ಕೆರೆದು ತೆಗೆಯುವಾಗ ಅವನ ಕೂಗು ಬೀದಿಗೆ ಕೇಳಿಸಿತು. ಸುಟ್ಟರೆ ಇಪ್ಪತ್ತು ನಿಮಿಷ ತಣ್ಣೀರಿನ ನಲ್ಲಿಯ ಕೆಳಗೆ ಹಿಡಿಯಬೇಕು, ಬೇರೇನೂ ಹಚ್ಚಬಾರದು ಎಂದು ಆಮೇಲೆ ಕಲಿತೆವು. ಬಕೆಟ್‌ಗೆ ಮೊದಲು ತಣ್ಣೀರು, ಮೇಲೆ ಬಿಸಿನೀರು.

ಅಪ್ಪನ ಕೆರೆ ದಂಡೆ, ಸಂಜೆ 6:30

ನಾವು ಚಳಿಗಾಲದಲ್ಲಿ ಸ್ನಾನವನ್ನು ಮಧ್ಯಾಹ್ನ ಹನ್ನೆರಡಕ್ಕೆ ಬದಲಿಸಿದ್ದೇವೆ. ಮೊದಲು ಕೊಬ್ಬರಿ ಎಣ್ಣೆ ತಿಕ್ಕಿ ಬಿಸಿಲಿನಲ್ಲಿ ಹತ್ತು ನಿಮಿಷ ಆಡಿಸುವುದು, ಆಮೇಲೆ ನೀರು. ಅವ್ವ ಕುಸುಬಿ ಎಣ್ಣೆಯೇ ಒಳ್ಳೆಯದು ಎನ್ನುತ್ತಾಳೆ. ತವರಿಗೆ ಹೋದಾಗ ಕುಸುಬಿ, ಇಲ್ಲಿ ಕೊಬ್ಬರಿ. ಮಕ್ಕಳಿಗೆ ಎರಡೂ ಒಗ್ಗಿವೆ.

ಊರು ಬಿಟ್ಟವ, ರಾತ್ರಿ 8:10

ಹೆಂಡತಿ ಇದನ್ನೆಲ್ಲ ಓದಿದಳು, ಒಪ್ಪಿದಳು. ಹಗಲು ರೈಲಿನಲ್ಲಿ ಬರುತ್ತೇವೆ. ಸಂಕ್ರಾಂತಿಯವರೆಗೂ ಅವಳು, ಮಗಳು ಊರಲ್ಲೇ ಇರುತ್ತಾರಂತೆ. ಮಗಳ ತಲೆಯ ಮೇಲೆ ಹಣ್ಣು, ಕಾಳು ಸುರಿದು ಕರಿ ಎರೆಯಬೇಕು ಎಂದು ಅವ್ವ ಈಗಲೇ ಬಾರಿ ಹಣ್ಣು (ಬೋರೆ), ಸುಲಗಾಯಿ (ಹಸಿ ಕಡಲೆ), ಶೇಂಗಾ, ಕುಸುರೆಳ್ಳು ಲೆಕ್ಕ ಹಾಕುತ್ತಿದ್ದಾಳೆ.

ಯಾದಗಿರಿ ನರ್ಸ್, ರಾತ್ರಿ 8:22

ಎರೆಯಿರಿ, ಬಹಳ ಚೆಂದದ ಶಾಸ್ತ್ರ. ಆದರೆ ಎರೆದ ಕೂಡಲೇ ಶೇಂಗಾ, ಹಸಿ ಕಡಲೆ, ಬಾರಿ ಬೀಜ ಆರಿಸಿ ತೆಗೆದುಬಿಡಿ. ಎರಡು ವರ್ಷದ ಮಗು ನಗುತ್ತಾ ಓಡುತ್ತಾ ಒಂದು ಶೇಂಗಾ ಬಾಯಿಗೆ ಹಾಕಿಕೊಂಡರೆ ಅದು ಉಸಿರುನಾಳಕ್ಕೆ ಇಳಿಯಬಹುದು. ಐದು ವರ್ಷದೊಳಗೆ ಇಡೀ ಶೇಂಗಾ ಬೇಡ, ಹಿಂಡಿ ಮಾಡಿ ಕೊಡಿ. ಮಗುವಿನ ತಲೆಗೆ ಕಬ್ಬಿನ ತುಂಡಿನ ಬದಲು ಚುರುಮುರಿ, ಹೂವು ಹೆಚ್ಚು ಇರಲಿ.

ಔರಾದ ಮುತ್ಯಾ, ರಾತ್ರಿ 8:45

ಕರಿ ಎರೆದ ಮೇಲೆ ಓಣಿಯ ಮಕ್ಕಳೆಲ್ಲ ಆಯ್ದುಕೊಳ್ಳಲು ಬೀಳುತ್ತಾರೆ. ದೊಡ್ಡ ಮಕ್ಕಳು ಆಯ್ದುಕೊಳ್ಳಲಿ, ಚಿಕ್ಕದನ್ನು ಅಷ್ಟು ಹೊತ್ತು ಅಜ್ಜಿ ಎತ್ತಿಕೊಂಡಿರಲಿ. ನಮ್ಮಲ್ಲಿ ಹಾಗೇ ಮಾಡುತ್ತೇವೆ.

ಭಾಲ್ಕಿ ಸೊಸೆ, ರಾತ್ರಿ 9:30

ಆಸ್ಪತ್ರೆಗೆ ಹೋಗಿ ಬಂದೆವು. ಇಬ್ಬರೂ ಚೆನ್ನಾಗಿದ್ದೇವೆ. ಮಗನಿಗೆ ಸ್ವಲ್ಪ ನೆಗಡಿ, ಎದೆ ಶುದ್ಧವಾಗಿದೆ. ಸಂಜೆ ಅವನು ಮಲಗಿದಾಗ ಉಸಿರು ಎಣಿಸಿದೆ, 36. ನಾನು ಎಣಿಸುವುದನ್ನು ನೋಡಿ ಅತ್ತೆಯವರು ಏನು ಎಂದು ಕೇಳಿದರು. ಆಗ ಔರಾದ ಮುತ್ಯಾ ಬರೆದದ್ದನ್ನು ಅವರಿಗೆ ಓದಿ ಹೇಳಿದೆ. ಒಂಬತ್ತರಲ್ಲಿ ಐದು ಎಂಬಲ್ಲಿಗೆ ಬಂದಾಗ ಅವರು ಹೊಲಿಯುತ್ತಿದ್ದ ಕೌದಿಯನ್ನು ಕೆಳಗಿಟ್ಟರು. ಸ್ವಲ್ಪ ಹೊತ್ತು ಬಿಟ್ಟು, ‘ನಮ್ಮ ಹಳೆಯ ಮನೆಗೂ ಬೆಳಕಿಂಡಿ ಇತ್ತು, ಹುಣ್ಣಿಮೆಗೆ ತಿಂಗಳ ಬೆಳಕು ನೇರ ತೊಟ್ಟಿಲಿಗೆ ಬೀಳುತ್ತಿತ್ತು’ ಎಂದರು. ನನ್ನ ಯಜಮಾನರಿಗಿಂತ ಮೊದಲು ಒಬ್ಬ ಮಗಳಿದ್ದಳಂತೆ. ಮದುವೆಯಾಗಿ ಆರು ವರ್ಷ, ನನಗೆ ಇದು ಗೊತ್ತೇ ಇರಲಿಲ್ಲ.

ಈ ರಾತ್ರಿ ಅವರೇ ಅಗ್ಗಿಷ್ಟಿಕೆಯನ್ನು ಪಡಸಾಲೆಯಲ್ಲಿ ಬಾಗಿಲು ತೆರೆದು ಇಟ್ಟು, ಕೌದಿಗಳನ್ನು ದೂರದಿಂದ ಕಾಯಿಸಿ, ಕೆಂಡಕ್ಕೆ ನೀರು ಹೊಡೆದು ಅಂಗಳಕ್ಕೆ ಒಯ್ದರು. ಕುಲಾಯಿಯ ವಿಷಯದಲ್ಲಿ ಮಾತ್ರ ಇನ್ನೂ ಒಪ್ಪಿಲ್ಲ. ಮಗು ನಿದ್ದೆ ಹೋದ ಮೇಲೆ ನಾನು ತೆಗೆಯುತ್ತೇನೆ, ಬೆಳಿಗ್ಗೆ ಅವರು ಏಳುವ ಮೊದಲು ಹಾಕುತ್ತೇನೆ.

ಆಳಂದ ರಸ್ತೆ, ರಾತ್ರಿ 9:41

ಅಕ್ಕಾ, ನಿನ್ನೆ ನಿಮ್ಮ ಭಯವನ್ನು ಹಗುರವಾಗಿ ಕಂಡದ್ದಕ್ಕೆ ಕ್ಷಮೆ ಇರಲಿ. ನಮ್ಮ ಮನೆಯ ಸ್ನಾನದ ಕೋಣೆಯ ಪಕ್ಕ ತೊಗರಿ ಕಟ್ಟಿಗೆಯ ಒಲೆ ಇದೆ, ಅದರ ಹೊಗೆ ಮಗ ಮಲಗುವ ಕಡೆಗೇ ಬರುತ್ತದೆ. ನಾಳೆ ಆ ಒಲೆಯನ್ನು ಹಿತ್ತಲಿಗೆ ಸರಿಸುತ್ತೇನೆ.

ಹತ್ತಿ ಹೊಲ, ರಾತ್ರಿ 9:58

ಮಾಸ್ತರೇ, ಅರ್ಜಿ ಬರೆದುಕೊಡಿ. ನಮ್ಮ ಟಂಟಂನವರೇ ಹದಿನೈದು ಜನ ಇದ್ದೇವೆ. ಒಂಬತ್ತು ಜನರಿಗೆ ಸಹಿ ಬರುತ್ತದೆ, ಉಳಿದವರು ಹೆಬ್ಬೆಟ್ಟು ಒತ್ತುತ್ತಾರೆ.

ಚಿಂಚೋಳಿ ಮಾಸ್ತರ, ರಾತ್ರಿ 10:10

ಬರೆಯುತ್ತಿದ್ದೇನೆ ತಾಯೀ. ಬೆಳಿಗ್ಗೆ ಆರರೊಳಗೆ ಇಲ್ಲೇ ಹಾಕುತ್ತೇನೆ, ಟಂಟಂ ಬರುವ ಮೊದಲು ನಿಮಗೆ ಸಿಗುತ್ತದೆ.